ವಿಂಡೋಸ್ 10 ಮುಗಿಯಿತಲ್ಲ, ಈಗ ಮನೆಗೆ ಎಂತ, ಕೆಲಸಕ್ಕೆ ಎಂತ ಬಳಸುತ್ತಿದ್ದೀರಿ?

ಕಲ್ಸಂಕದವ (ಉಡುಪಿ)

ಎಲ್ಲರಿಗೂ ನಮಸ್ಕಾರ. ಯಾವ ಓಎಸ್ (ಕಂಪ್ಯೂಟರ್ ನಡೆಸುವ ಮೂಲ ಸಾಫ್ಟ್‌ವೇರ್, ವಿಂಡೋಸ್ ಇದ್ದ ಹಾಗೆ) ದೊಡ್ಡದು ಅಂತ ಜಗಳ ಹಚ್ಚಲಿಕ್ಕೆ ಬರೆಯುತ್ತಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನೀವು ಮನೆಯಲ್ಲಿ ಎಂತ ಬಳಸುತ್ತೀರಿ, ಕೆಲಸಕ್ಕೆ ಎಂತ ಬಳಸುತ್ತೀರಿ, ಯಾಕೆ. ಅಷ್ಟೇ ಬೇಕಾದ್ದು.

ನನ್ನ ಕಥೆ ಹೀಗೆ. ಆಫೀಸು ಮಣಿಪಾಲದಲ್ಲಿ. ಅಲ್ಲಿ ವಿಂಡೋಸ್ 11 ಇರುವ ಲ್ಯಾಪ್‌ಟಾಪ್ ಕೊಟ್ಟಿದ್ದಾರೆ, ಅದರಲ್ಲಿ ನಮ್ಮ ಮಾತೇನೂ ನಡೆಯುವುದಿಲ್ಲ, ಒಂದು ಪೆನ್‌ಡ್ರೈವ್ ಚುಚ್ಚಲಿಕ್ಕೂ ಬಿಡುವುದಿಲ್ಲ. ಅದು ಹಾಗೇ ಇರಲಿ. ತಲೆಬಿಸಿ ಇರುವುದು ಮನೆಯದ್ದು. ಆರನೇ ಜನರೇಶನ್ ಐ5, 8 ಜಿಬಿ ರ‍್ಯಾಮ್, ಹಳೇ ತಿರುಗುವ ಹಾರ್ಡ್‌ಡಿಸ್ಕ್, ವಿಂಡೋಸ್ 10. 2025ರ ಅಕ್ಟೋಬರ್ 14ಕ್ಕೆ ಅದರ ಸಪೋರ್ಟ್ ನಿಂತಿತು, 11ಕ್ಕೆ ಹೋಗೋಣ ಅಂದರೆ ಈ ಪಿಸಿ ಆಗುವುದಿಲ್ಲ ಅಂತ ತೋರಿಸುತ್ತದೆ. ಅಂಗಡಿಯವರನ್ನು ಕೇಳಿದರೆ ಹೊಸದು ತೆಗೆದುಕೊಳ್ಳಿ ಅನ್ನುತ್ತಾರೆ. ಮೆಷೀನು ಚೆನ್ನಾಗಿಯೇ ಉಂಟು ಮಾರಾಯ್ರೆ. ಕೀಬೋರ್ಡ್ ಸರಿ, ಸ್ಕ್ರೀನ್ ಸರಿ, ಗುಜರಿಗೆ ಹಾಕಲು ಮನಸ್ಸು ಬರುವುದಿಲ್ಲ.

ಬಳಸುವವರು ಮೂರು ಜನ. ಅಮ್ಮನಿಗೆ ಯೂಟ್ಯೂಬಿನಲ್ಲಿ ಯಕ್ಷಗಾನ. ಮಗಳು ಪಿಯುಸಿ, ಅವಳಿಗೆ ನೋಟ್ಸು ಮತ್ತು ಆನ್‌ಲೈನ್ ಟೆಸ್ಟು. ನಾನು ರಾತ್ರಿ ಊಟ ಆದ ಮೇಲೆ ಇಬ್ಬರು ಅಡಿಕೆ ವ್ಯಾಪಾರಿಗಳದ್ದು, ಒಂದು ಕೇಟರಿಂಗಿನವರದ್ದು ಲೆಕ್ಕ ಬರೆಯುತ್ತೇನೆ, ಟ್ಯಾಲಿಯಲ್ಲಿ. ಮತ್ತೆ ಕನ್ನಡ ಟೈಪಿಂಗ್ ಬೇಕೇ ಬೇಕು, ದೇವಸ್ಥಾನದ ಸಮಿತಿಯ ಮೀಟಿಂಗ್ ವರದಿ ಎಲ್ಲ ನನ್ನ ತಲೆ ಮೇಲೆ.

ಭಾವ ಬೆಂಗಳೂರಿನಲ್ಲಿ ಕೂತು "ಲಿನಕ್ಸ್ ಹಾಕು" ಅಂತ ಸುಮ್ನೆ ಹೇಳಿಬಿಡುತ್ತಾನೆ. ವಿಂಡೋಸ್ ಬದಲಿಗೆ ಹಾಕುವ ಉಚಿತ ಓಎಸ್ ಅದು. ಹಾಕುವುದೇನೋ ಸರಿ, ಒಂದು ದಿನ ಕೆಟ್ಟು ಕೂತರೆ ಇಲ್ಲಿ ನೋಡುವವರು ಯಾರು?

ಲೆಕ್ಕದಪುಸ್ತಕ (ಹಂಪನಕಟ್ಟೆ)

ಟ್ಯಾಲಿ ಅಂದಿರಲ್ಲ, ಅಲ್ಲಿಗೆ ಅರ್ಧ ಪ್ರಶ್ನೆ ಮುಗಿಯಿತು. ಟ್ಯಾಲಿಪ್ರೈಮ್ ಬರುವುದು ವಿಂಡೋಸಿಗೆ ಮಾತ್ರ.

ನಮ್ಮದು ಟ್ಯಾಕ್ಸ್ ಆಫೀಸು, ಇರುವ ಎಲ್ಲ ಮೆಷೀನೂ ವಿಂಡೋಸ್. ಪ್ರೀತಿಯಿಂದ ಅಲ್ಲ, ಬೇರೆ ದಾರಿ ಇಲ್ಲ. ಟ್ಯಾಲಿ ಒಂದು ಬದಿಗಿರಲಿ, ಇನ್‌ಕಮ್ ಟ್ಯಾಕ್ಸಿನ ಎಕ್ಸೆಲ್ ಯುಟಿಲಿಟಿ ತೆಗೆದುಕೊಳ್ಳಿ, ಅದರ ಹೊಟ್ಟೆ ತುಂಬ ಮ್ಯಾಕ್ರೋ, ಅಂದರೆ ಎಕ್ಸೆಲ್ ಒಳಗೇ ಓಡುವ ಸಣ್ಣ ಪ್ರೋಗ್ರಾಂ. ಎಕ್ಸೆಲ್ ಬದಲಿಗೆ ಉಚಿತ ಲಿಬ್ರೆಆಫೀಸಿನಲ್ಲಿ ತೆರೆದರೆ ಹಾಳೆ ಕಾಣುತ್ತದೆ, ವ್ಯಾಲಿಡೇಟ್ ಬಟನ್ ಒತ್ತಿದರೆ ಮಿಸುಕುವುದಿಲ್ಲ. ಮತ್ತೆ ಡಿಎಸ್‌ಸಿ ಟೋಕನ್, ಡಿಜಿಟಲ್ ಸಹಿ ಹಾಕಲು ಚುಚ್ಚುವ ಯುಎಸ್‌ಬಿ ಕಡ್ಡಿ. ಲಿನಕ್ಸಿಗೂ ಡ್ರೈವರ್ ಉಂಟು ಅನ್ನುತ್ತಾರೆ, ಇರಬಹುದು. ಆದರೆ 20ನೇ ತಾರೀಕು ಸಂಜೆ, ಜಿಎಸ್‌ಟಿಆರ್-3ಬಿ ಅನ್ನುವ ಜಿಎಸ್‌ಟಿ ರಿಟರ್ನ್ ಹಾಕಲಿಕ್ಕೆ ಪಾರ್ಟಿ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಿರುವಾಗ, ಪೋರ್ಟಲ್ ಕೂಡ ಆಗಲೇ ನಿಧಾನ ಆಗಿರುವಾಗ, ನಾನು ಡ್ರೈವರ್ ಹುಡುಕುತ್ತಾ ಕೂರುವುದಿಲ್ಲ. ನೀವೂ ಕೂರಬೇಡಿ.

ಹೊಸ ಲ್ಯಾಪ್‌ಟಾಪಿಗೆ ಇವತ್ತೇ ಓಡುವ ಅಗತ್ಯ ಇಲ್ಲ. ವಿಂಡೋಸ್ 10ಕ್ಕೆ ಇಎಸ್‌ಯು ಅಂತ ಉಂಟು, ಸೆಕ್ಯುರಿಟಿ ಅಪ್‌ಡೇಟ್ ಮಾತ್ರ ಇನ್ನೊಂದು ವರ್ಷ, 2026ರ ಅಕ್ಟೋಬರ್ 13ರವರೆಗೆ ಕೊಡುತ್ತಾರೆ. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಸಿಂಕ್ ಮಾಡಿದರೆ ದುಡ್ಡಿಲ್ಲ. ಅಕೌಂಟಿಗೆ ಸಿಂಕ್ ಬೇಡ ಅಂದರೆ 30 ಡಾಲರ್ ಕೇಳುತ್ತಾರೆ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರಿಕೊಳ್ಳುವ ಲಿಂಕ್ ಇರುತ್ತದೆ, ನೋಡಿ.

ಮನೆಯಲ್ಲಿ ನಾನು ಕಂಪ್ಯೂಟರ್ ಮುಟ್ಟುವುದಿಲ್ಲ. ಹಗಲಿಡೀ ನೋಡಿದ್ದು ಸಾಲದೇ.

ಹಸಿರೆಲೆ (ಸುರತ್ಕಲ್)

ನಾನು ಮನೆಯಲ್ಲೂ ಕೆಲಸದಲ್ಲೂ ಲಿನಕ್ಸ್, ಹಾಗಾಗಿ ನನ್ನ ಮಾತನ್ನು ಪೂರ್ತಿ ನಂಬದೆ, ಸ್ವಲ್ಪ ಕಡಿಮೆ ಮಾಡಿಕೊಂಡೇ ಓದಿ. ಕೆಲಸ ಸರ್ವರುಗಳದ್ದು. ಆ ಕಡೆ ಇರುವುದೆಲ್ಲ ಲಿನಕ್ಸ್, ಈ ಕಡೆಯೂ ಅದೇ ಇದ್ದರೆ ತಲೆಗೆ ಹಗುರ. ಮನೆಯಲ್ಲಿ ಇರುವುದು ಲಿನಕ್ಸಿನದ್ದೇ ಒಂದು ಬಗೆ, ಲಿನಕ್ಸ್ ಮಿಂಟ್.

ಓಎಸ್ ಮಾತಿಗೆ ಮೊದಲು ಒಂದು ವಿಷಯ. ನಿಮ್ಮ ಲ್ಯಾಪ್‌ಟಾಪಿನ ನಿಜವಾದ ಕಾಯಿಲೆ ವಿಂಡೋಸ್ 10 ಅಲ್ಲ, ಆ ತಿರುಗುವ ಹಾರ್ಡ್‌ಡಿಸ್ಕ್. ಅದರ ಮೇಲೆ ಯಾವ ಓಎಸ್ ಹಾಕಿದರೂ ಮಳೆಗಾಲದ ಹೊಂಡದ ರಸ್ತೆಯಲ್ಲಿ ಹೊಸ ಕಾರು ಓಡಿಸಿದ ಹಾಗೆಯೇ. ಮೊದಲು ಸಾಟಾ ಎಸ್‌ಎಸ್‌ಡಿ ಒಂದು, ಅಂದರೆ ತಿರುಗುವ ಭಾಗ ಇಲ್ಲದ ವೇಗದ ಡಿಸ್ಕ್, ಹಾಕಿಸಿ. ಹಿಂದಿನ ಮುಚ್ಚಳದ ಸ್ಕ್ರೂ ಬಿಚ್ಚಿ, ಹಳೇ ಡಿಸ್ಕ್ ಎಳೆದು, ಹೊಸದು ಅದೇ ಜಾಗಕ್ಕೆ ತಳ್ಳಿದರೆ ಆಯಿತು, ಅಂಗಡಿಯಲ್ಲಿ ಕಾದು ಕೂತು ಮಾಡಿಸಿಕೊಂಡು ಬರುವಷ್ಟೇ ಕೆಲಸ. ಅದೊಂದು ಆದರೆ ನಿಮ್ಮ ಐ5ಕ್ಕೆ ಇನ್ನೂ ಸುಮಾರು ವರ್ಷ ಉಂಟು.

ಅದಕ್ಕೆ 11 ಬರದೇ ಇರುವುದು ಮೆಷೀನು ನಿಧಾನ ಅಂತ ಅಲ್ಲ. ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಚಿಪ್ ಬೇಕು, ಆನ್ ಆಗುವಾಗ ನಂಬುವಂಥ ಸಾಫ್ಟ್‌ವೇರ್ ಮಾತ್ರ ಬಿಡುವ ಸೆಕ್ಯೂರ್ ಬೂಟ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಜನರೇಶನ್ ಮತ್ತು ಅದರ ನಂತರದ್ದು ಬೇಕು ಅಂತ ಗೆರೆ ಎಳೆದಿದ್ದಾರೆ. ರೂಫಸ್ ಅನ್ನುವ ಸಣ್ಣ ಉಚಿತ ಪ್ರೋಗ್ರಾಂ ಬಳಸಿ ಆ ಪರೀಕ್ಷೆ ತಪ್ಪಿಸಿ ಹಾಕುವವರು ಇದ್ದಾರೆ. ನಡೆಯುತ್ತದೆ ಕೂಡ. ಆದರೆ ಕಂಪನಿ ಒಪ್ಪದ ಮೆಷೀನಿನಲ್ಲಿ ಮುಂದೆ ಅಪ್‌ಡೇಟ್ ಬರುತ್ತದೋ ಇಲ್ಲವೋ ಅನ್ನುವುದಕ್ಕೆ ಯಾರ ಭರವಸೆಯೂ ಇಲ್ಲ. ಬೇರೆಯವರ ಲೆಕ್ಕಪತ್ರ ಇಟ್ಟುಕೊಂಡ ಮೆಷೀನಿನಲ್ಲಿ ನಾನಾದರೆ ಹಾಗೆ ಮಾಡುವುದಿಲ್ಲ.

ಮಿಂಟ್ ಯಾಕೆ ಅಂದರೆ, ಕೆಳಗೆ ಪಟ್ಟಿ, ಎಡಗಡೆ ಮೂಲೆಯಲ್ಲಿ ಮೆನು, ನಿಮ್ಮ ಅಮ್ಮನಿಗೆ ಹೊಸದಾಗಿ ಕಲಿಸಲು ಎಂತದೂ ಇಲ್ಲ. ಮಿಂಟ್ 22ರ ಸರಣಿ ಉಬುಂಟು ಅನ್ನುವ ಇನ್ನೊಂದು ಬಗೆಯ ಲಿನಕ್ಸಿನ 24.04ರ ಮೇಲೆ ಕಟ್ಟಿದ್ದು, 2029ರವರೆಗೆ ಅಪ್‌ಡೇಟ್ ಬರುತ್ತದೆ. ಮತ್ತೆ ಅಪ್‌ಡೇಟ್ ಯಾವಾಗ ಮಾಡಬೇಕು ಅಂತ ನೀವು ಹೇಳುವುದು, ಅದು ನಿಮಗೆ ಹೇಳುವುದಲ್ಲ. ನನಗೆ ಇದೇ ದೊಡ್ಡ ವಿಷಯ. ಹಾಕುವ ಮೊದಲು ನೋಡಲಿಕ್ಕೂ ಆಗುತ್ತದೆ. 8 ಜಿಬಿ ಪೆನ್‌ಡ್ರೈವಿಗೆ ಬರೆದು, ಅದರಿಂದಲೇ ಬೂಟ್ ಮಾಡಿ, ವೈಫೈ ಸಿಗುತ್ತದಾ, ಸೌಂಡ್ ಬರುತ್ತದಾ, ನಿಮ್ಮ ಪ್ರಿಂಟರ್ ಮಾತಾಡುತ್ತದಾ ಅಂತ ಒಂದು ಭಾನುವಾರ ಸಾವಕಾಶ ನೋಡಿ. ಡಿಸ್ಕಿನಲ್ಲಿ ಒಂದು ಅಕ್ಷರ ಬದಲಾಗುವುದಿಲ್ಲ. ಪ್ರಿಂಟರ್ ಮಾತ್ರ ಅಗತ್ಯವಾಗಿ ನೋಡಿ, ಎಚ್‌ಪಿಯದ್ದಾದರೆ ಹೆಚ್ಚಿನವಕ್ಕೆ ಡ್ರೈವರ್ ಒಳಗೇ ಇರುತ್ತದೆ, ಬೇರೆ ಕೆಲವು ಹಳೇ ಲೇಸರ್ ಪ್ರಿಂಟರುಗಳು ಲಿನಕ್ಸ್ ಕಂಡರೆ ಮುಖ ತಿರುಗಿಸುತ್ತವೆ.

ಕನ್ನಡದ ಬಗ್ಗೆ ಹೆದರಬೇಡಿ. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಲೇಔಟ್ ಸೇರಿಸುವ ಕಡೆ ಕನ್ನಡ ಹುಡುಕಿದರೆ "ಕಗಪ" ಅಂತ ಒಂದು ಸಿಗುತ್ತದೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕೈಗೆ ಅದೇ ಜಾಗ: ಕ್ಯೂ ಒತ್ತಿದರೆ ಟ, ಡಬ್ಲ್ಯು ಒತ್ತಿದರೆ ಡ, ಒತ್ತಕ್ಷರಕ್ಕೆ ಮಧ್ಯೆ ಎಫ್. ಬೇರೆ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುವುದೇ ಬೇಡ. ಈ ಲೇಔಟಿನ ಮೂಲ ನಮ್ಮ ಕಿನ್ನಿಕಂಬಳದ ಕೆ. ಪಿ. ರಾವ್ ಅವರದ್ದು, ಡಾಸ್ ಕಾಲದಲ್ಲೇ ಸೇಡಿಯಾಪು ಅನ್ನುವ ತಂತ್ರಾಂಶ ಮಾಡಿ ಉಚಿತವಾಗಿ ಹಂಚಿದವರು. ಅಂದರೆ ನಮ್ಮೂರಿನವರು ಜೋಡಿಸಿದ ಕೀಲಿಗಳು ಇವತ್ತು ಜಗತ್ತಿನ ಹೆಚ್ಚುಕಡಿಮೆ ಪ್ರತಿಯೊಂದು ಲಿನಕ್ಸ್ ಡೆಸ್ಕ್‌ಟಾಪಿನ ಒಳಗೂ ಕೂತಿವೆ. ಇದನ್ನು ಹೇಳದೆ ನನಗೆ ಸಮಾಧಾನ ಇಲ್ಲ, ಬೇಕಾದರೆ ಬಿಟ್ಟು ಓದಿ. ಫಾಂಟುಗಳು ಕೂಡ ಉಂಟು: ಲೋಹಿತ್, ನೋಟೋ, ಗುಬ್ಬಿ, ನವಿಲು.

ಟ್ಯಾಲಿಗೆ ಏನು ಮಾಡುವುದು ಅಂದರೆ ಡ್ಯುಯಲ್ ಬೂಟ್. ಒಂದೇ ಎಸ್‌ಎಸ್‌ಡಿಯಲ್ಲಿ ವಿಂಡೋಸ್ 10ಕ್ಕೆ ಒಂದು ಭಾಗ, ಲಿನಕ್ಸಿಗೆ ಒಂದು ಭಾಗ. ಲೆಕ್ಕ ಬರೆಯುವ ಹೊತ್ತಿಗೆ ಮಾತ್ರ ವಿಂಡೋಸಿಗೆ ಹೋಗಿ, ಉಳಿದದ್ದೆಲ್ಲ ಈ ಕಡೆ.

ಲೆಕ್ಕದಪುಸ್ತಕ (ಹಂಪನಕಟ್ಟೆ)

ಡ್ಯುಯಲ್ ಬೂಟ್ ಅಂತ ಹೇಳುವುದು ಸುಲಭ. ಲೆಕ್ಕ ಬರೆಯುತ್ತಾ ಇರುವಾಗ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಬೇಕು, ವಾಟ್ಸಾಪಿನಲ್ಲಿ ಪಾರ್ಟಿ ಕಳಿಸಿದ ಬಿಲ್ಲಿನ ಫೋಟೋ ನೋಡಬೇಕು, ಮೇಲ್ ನೋಡಬೇಕು. ಆಗ ಎಲ್ಲವನ್ನೂ ವಿಂಡೋಸಿನಲ್ಲೇ ತೆರೆಯುತ್ತೀರಿ. ಮತ್ತೆ ಆ ಕಡೆ ಯಾರು ಹೋಗುತ್ತಾರೆ? ಲಿನಕ್ಸ್ ಭಾಗ ಖಾಲಿ ಸೈಟಿನ ಹಾಗೆ ಬಿದ್ದಿರುತ್ತದೆ ಅಷ್ಟೇ, ನಮ್ಮ ಆಫೀಸಿನ ಹುಡುಗನೊಬ್ಬನ ಲ್ಯಾಪ್‌ಟಾಪಿನಲ್ಲಿ ಈಗಲೂ ಹಾಗೇ ಉಂಟು.

ಹಸಿರೆಲೆ (ಸುರತ್ಕಲ್)

ಅದು ಅವನು ಒಬ್ಬನೇ ಬಳಸುವ ಲ್ಯಾಪ್‌ಟಾಪ್. ಇವರದ್ದು ಮೂರು ಜನ ಬಳಸುವ ಮನೆ ಮೆಷೀನು. ಯಕ್ಷಗಾನದ ವಿಡಿಯೋ ಹುಡುಕುತ್ತಾ ಪಕ್ಕದ ಜಾಹೀರಾತನ್ನು ಯಾರಾದರೂ ಒತ್ತಿದರೆ, ಅಡಿಕೆ ವ್ಯಾಪಾರಿಯ ಪೂರ್ತಿ ಲೆಕ್ಕ ಅದೇ ಡಿಸ್ಕಿನಲ್ಲಿ ಇರುತ್ತದಲ್ಲ. ಮನೆಯವರಿಗೆ ಒಂದು ಕಡೆ, ಟ್ಯಾಲಿಗೆ ಇನ್ನೊಂದು ಕಡೆ ಅಂತ ನಾನು ಹೇಳಿದ್ದು ಅದಕ್ಕೇ. ನೀವು ಆ ವಿಂಡೋಸಿನಲ್ಲಿ ವಾಟ್ಸಾಪ್ ತೆರೆದರೆ ತೆರೆಯಿರಿ, ಉಳಿದವರು ತೆರೆಯದೇ ಇದ್ದರೆ ಸಾಕು.

ಲೆಕ್ಕದಪುಸ್ತಕ (ಹಂಪನಕಟ್ಟೆ)

ಆ ಮಾತು ಒಪ್ಪಿದೆ. ಹಾಗಾದರೆ ನನ್ನದೂ ಒಂದು ಸೇರಿಸಿಕೊಳ್ಳಿ. ಡಿಸ್ಕ್ ಬದಲಿಸುವ ಮೊದಲು ಟ್ಯಾಲಿ ತೆರೆದು ಲೈಸೆನ್ಸ್ ಸರೆಂಡರ್ ಮಾಡಿ, ಹೊಸದರಲ್ಲಿ ಹಾಕಿದ ಮೇಲೆ ವಾಪಸ್ ಆಕ್ಟಿವೇಟ್ ಮಾಡಿ. ಅಂಗಡಿಯ ಹುಡುಗರು ಇದನ್ನು ಕೇಳುವುದಿಲ್ಲ, ಸೀದಾ ಫಾರ್ಮ್ಯಾಟ್ ಹೊಡೆಯುತ್ತಾರೆ. ಆಮೇಲೆ ಲೈಸೆನ್ಸ್ ಹಳೇ ಮೆಷೀನಿನಲ್ಲೇ ಉಂಟು ಅಂತ ಬರುತ್ತದೆ, ಸಪೋರ್ಟಿಗೆ ಫೋನ್ ಮಾಡುತ್ತಾ ಕೂರಬೇಕು. ಡೇಟಾ ಫೋಲ್ಡರ್ ಬೇರೆ ಕಾಪಿ ತೆಗೆಯಿರಿ, ಅದನ್ನು ಹೇಳಬೇಕಾಗಿಲ್ಲ.

ಮೊಳೆಜೋಡಣೆ (ಕಾರ್ಕಳ)

ಡಿಟಿಪಿ ಅಂಗಡಿಯವ ನಾನು. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ನೇಮದ ಕಾಗದ, ಕಂಬಳದ ಬ್ಯಾನರು. ಇಲ್ಲಿ ಎಲ್ಲರೂ 11, ಮಿಂಟ್ ಅಂತ ಮಾತಾಡುತ್ತಿದ್ದೀರಿ, ನನ್ನಲ್ಲಿ ಇವತ್ತಿಗೂ ಒಂದು ಮೆಷೀನು ವಿಂಡೋಸ್ 7ರಲ್ಲಿ ಓಡುತ್ತಿದೆ. ನಗಬೇಡಿ, ಕಾರಣ ಉಂಟು.

ಪೇಜ್‌ಮೇಕರ್, ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್. 2001ರಲ್ಲಿ ಬಂದ 7.0 ಅದರ ಕೊನೆಯ ಆವೃತ್ತಿ, ಅದಕ್ಕೆ ಯೂನಿಕೋಡ್, ಅಂದರೆ ಎಲ್ಲ ಭಾಷೆಗೂ ಇರುವ ಈಗಿನ ಅಕ್ಷರ ಸಂಕೇತ, ಗೊತ್ತೇ ಇಲ್ಲ. ನಾವು ಇಷ್ಟು ವರ್ಷ ಅದರಲ್ಲಿ ನುಡಿಯ ಹಳೇ ಆಸ್ಕಿ ಫಾಂಟ್ ಹಾಕಿಯೇ ಜೋಡಿಸಿದ್ದು. ಆ ಫೈಲಿನ ಒಳಗೆ ಇರುವುದು ನಿಜವಾಗಿ ಕನ್ನಡ ಅಲ್ಲ, ಇಂಗ್ಲಿಷ್ ಅಕ್ಷರದ ಮೇಲೆ ಕನ್ನಡದ ವೇಷ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ, "ಕನ್ನಡ" ಅಂತ ಇದ್ದ ಕಡೆ ದೊಡ್ಡ ಪಿ, ತಲೆ ಮೇಲೆ ಗೀಟು ಎಳೆದ ಎ, ಆಮೇಲೆ ಪೌಂಡಿನ ಗುರುತು, ಹೀಗೆ ಸಾಲು ಸಾಲು ಬರುತ್ತದೆ. ಗುತ್ತಿನ ಮನೆಯವರು ಬಂದು "ಹೋದ ಸಲದ ನೇಮದ ಕಾಗದದಲ್ಲೇ ತಾರೀಕು ಬದಲಿಸಿ ಕೊಡಿ" ಅಂದರೆ ನನಗೆ ಆ ಹಳೇ ಫೈಲು ಹಾಗೇ ತೆರೆಯಬೇಕು. ಹೆಸರುಗಳ ಸಾಲು ಆ ಮನೆಯ ಹಿರಿಯರು ನೋಡಿ ಒಪ್ಪಿದ್ದು, ಒಂದು ಅಕ್ಷರ ಆಚೀಚೆ ಆದರೂ ನಮಗೆ ಉಳಿಗಾಲ ಇಲ್ಲ.

ಆಸ್ಕಿಯಿಂದ ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳು ಉಂಟು, ಬಳಸುತ್ತೇನೆ ಕೂಡ. ಬರಹ ಮಾತ್ರ ಆದರೆ ಚೆನ್ನಾಗಿಯೇ ಬರುತ್ತದೆ. ಅರ್ಕಾವೊತ್ತು ಇರುವ ಕಡೆ, ಮಧ್ಯೆ ಇಂಗ್ಲಿಷ್ ಬಂದ ಕಡೆ ಕಣ್ಣಿಟ್ಟು ನೋಡಬೇಕು.

ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಸಪೋರ್ಟ್ ನಿಂತಿದೆ, ಕ್ರೋಮ್ ಕೂಡ 109ನೇ ಆವೃತ್ತಿಗೆ ಕೈಬಿಟ್ಟಿತು. ಹಾಗಾಗಿ ಆ ಮೆಷೀನಿಗೆ ನೆಟ್ ಇಲ್ಲ. ಲ್ಯಾನ್ ವಯರು ಕಿತ್ತು ಸುತ್ತಿ ಮೇಲೆ ಇಟ್ಟಿದ್ದೇನೆ. ಫೈಲು ಹೋಗುವುದು ಬರುವುದು ಒಂದೇ ಪೆನ್‌ಡ್ರೈವಿನಲ್ಲಿ, ಅದನ್ನು ಗಿರಾಕಿಗಳ ಕೈಗೆ ಕೊಡುವುದಿಲ್ಲ. ಫ್ಲೆಕ್ಸ್ ಡಿಸೈನಿಗೆ ಬೇರೆ ವಿಂಡೋಸ್ 11 ಮೆಷೀನು, ಕೋರೆಲ್ ಮತ್ತು ಫೋಟೋಶಾಪ್, ಎರಡೂ ಲಿನಕ್ಸಿಗೆ ಇಲ್ಲ. ಹಸಿರೆಲೆಯವರು ಈಗ ಕೋರೆಲ್ ಬದಲಿಗೆ ಉಚಿತದ ಇಂಕ್‌ಸ್ಕೇಪ್ ಅಂತ ಬರುತ್ತಾರೆ, ಗೊತ್ತು. ಪ್ರಿಂಟಿಂಗ್ ಪ್ರೆಸ್ಸಿನವರು ಕೋರೆಲ್ ಫೈಲು ಕೇಳುತ್ತಾರೆ, ಅವರಿಗೆ ಹೇಳಿ ಮೊದಲು.

ಮನೆಯಲ್ಲಿ ಮಾತ್ರ ಉಬುಂಟು ಉಂಟು, ಮಗ ಹಾಕಿದ್ದು. ನ್ಯೂಸ್ ಓದಲು, ಕರೆಂಟ್ ಬಿಲ್ ಕಟ್ಟಲು ನನಗೆ ಸಾಕು.

ಹಸಿರೆಲೆ (ಸುರತ್ಕಲ್)

ಇಂಕ್‌ಸ್ಕೇಪ್ ಅಂತ ಬರಲಿಲ್ಲ ಅಣ್ಣ, ಸೋತೆ.

ಗಡಿಯಾಚೆಟೀಚರ್ (ಮಂಜೇಶ್ವರ)

ತಲಪಾಡಿ ದಾಟಿದ ಮೇಲೆ ಸಿಗುವವಳು ನಾನು, ಆದರೂ ಮಂಗಳೂರಿನವರ ಜೊತೆ ಲೆಕ್ಕಕ್ಕೆ ಇಟ್ಟುಕೊಳ್ಳಿ. "ಲಿನಕ್ಸ್ ಕಷ್ಟ" ಅಂತ ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ.

ಕೇರಳದ ಸರಕಾರಿ ಶಾಲೆಗಳಲ್ಲಿ ಹದಿನೈದು ವರ್ಷಕ್ಕೂ ಜಾಸ್ತಿ ಕಾಲದಿಂದ ಲಿನಕ್ಸೇ. ಐಟಿ ಅಟ್ ಸ್ಕೂಲ್ ಅಂತ 2001ರಲ್ಲಿ ಶುರುವಾದ ಯೋಜನೆ, ಈಗ ಕೈಟ್ ಅನ್ನುವ ಸಂಸ್ಥೆ. ಅವರು ಉಬುಂಟುವನ್ನೇ ಶಾಲೆಗೆ ಬೇಕಾದ ಹಾಗೆ ಒಪ್ಪಮಾಡಿ ಕೊಡುತ್ತಾರೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುವುದು: ಗಣಿತಕ್ಕೆ ಜಿಯೋಜಿಬ್ರಾ, ಚಿತ್ರಕ್ಕೆ ಜಿಂಪ್, ಇಂಕ್‌ಸ್ಕೇಪ್, ಬರೆಯಲು ಲಿಬ್ರೆಆಫೀಸ್. ಹತ್ತನೇ ಕ್ಲಾಸಿನಲ್ಲಿ ಐಟಿ ಪರೀಕ್ಷೆ ಬರೆಯುವುದೂ ಅದೇ ಕಂಪ್ಯೂಟರಿನಲ್ಲಿ. ಮೀನುಗಾರರ ಮಕ್ಕಳು, ಬೀಡಿ ಕಟ್ಟುವವರ ಮಕ್ಕಳು, ಮನೆಯಲ್ಲಿ ಕಂಪ್ಯೂಟರೇ ಇಲ್ಲದವರು. ಅವರಿಗೆ ಇದು ಲಿನಕ್ಸ್ ಅಂತ ವಿಶೇಷ ಎಂತದೂ ಇಲ್ಲ, ಕಂಪ್ಯೂಟರ್ ಅಂದರೆ ಇದೇ. ತೊಂದರೆ ಆಗುವುದು ನಮ್ಮಂಥ ದೊಡ್ಡವರಿಗೆ. ವಿಂಡೋಸ್ ಕೈಗೆ ಅಂಟಿಬಿಟ್ಟಿರುತ್ತದೆ, ಅದನ್ನು ಬಿಡಿಸಿಕೊಳ್ಳಲು ಸಮಯ ಬೇಕು.

ಆದರೆ ಕಲ್ಸಂಕದವರು ಕೇಳಿದ ಪ್ರಶ್ನೆ ಮುಖ್ಯ, ಕೆಟ್ಟರೆ ಯಾರು. ಶಾಲೆಯಲ್ಲಿ ಇದು ನಿಂತಿರುವುದು ಅದಕ್ಕೆ ಉತ್ತರ ಇರುವ ಕಾರಣದಿಂದ. ಶಿಕ್ಷಕರಿಗೆ ತರಬೇತಿ ಕೊಡುತ್ತಾರೆ, ಜಿಲ್ಲೆಯಲ್ಲಿ ಕೇಳಲಿಕ್ಕೆ ಜನ ಇದ್ದಾರೆ. ಸುಮ್ನೆ ಒಂದು ಸಿಡಿ ಕಳಿಸಿ "ಇದು ಉಚಿತ" ಅಂತ ಬಿಟ್ಟಿದ್ದರೆ ಎಂದೋ ಮೂಲೆ ಸೇರುತ್ತಿತ್ತು. ಮನೆಯಲ್ಲಿಯೂ ಹಾಗೇ. ಫೋನ್ ಮಾಡಿದರೆ ಎತ್ತುವ ಒಬ್ಬರು ಇದ್ದರೆ ಹಾಕಿ. ಬೆಂಗಳೂರಿನ ಭಾವ ರಾತ್ರಿ ಒಂಬತ್ತರ ನಂತರ ಫೋನ್ ಎತ್ತುತ್ತಾರಾ, ಮೊದಲು ಅದು ಕೇಳಿಕೊಳ್ಳಿ.

ಮನೆಯಲ್ಲಿ ನನ್ನದು ಅದೇ ಶಾಲೆಯದ್ದೇ ಓಎಸ್. ಯಜಮಾನರದ್ದು ವಿಂಡೋಸ್. ಒಬ್ಬರ ಮೆಷೀನು ಇನ್ನೊಬ್ಬರು ಮುಟ್ಟುವುದಿಲ್ಲ, ಸಂಸಾರ ಸುಖವಾಗಿ ಉಂಟು.

ಕೊನೆಬೆಂಚು (ಮಣಿಪಾಲ)

ಮಗಳು ಗೇಮ್ ಆಡುವವಳಾ ಅಂತ ಯಾರೂ ಕೇಳಲೇ ಇಲ್ಲ. ವ್ಯಾಲೊರಂಟ್ ಆಡುವುದಾದರೆ ಲಿನಕ್ಸ್ ಮರೆತುಬಿಡಿ, ಆಟದಲ್ಲಿ ಮೋಸ ತಡೆಯುವ ಅದರ ವ್ಯಾನ್‌ಗಾರ್ಡ್ ಆಂಟಿಚೀಟ್ ಲಿನಕ್ಸಿನಲ್ಲಿ ಓಡುವುದೇ ಇಲ್ಲ. ಸ್ಟೀಮ್ ಅನ್ನುವ ಗೇಮ್ ಅಂಗಡಿಯ ಬೇರೆ ಎಷ್ಟೋ ಗೇಮ್, ವಿಂಡೋಸ್ ಗೇಮನ್ನು ಲಿನಕ್ಸಿನಲ್ಲಿ ಓಡಿಸುವ ಪ್ರೋಟಾನ್ ಇಂದ ನಡೆಯುತ್ತದೆ, 2018ರಿಂದ ವಾಲ್ವ್‌ನವರು ಅದರ ಹಿಂದೆ ಬಿದ್ದಿದ್ದಾರೆ, ಅವರ ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಕೂಡ ಲಿನಕ್ಸೇ. ಆದರೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಇರುವ ಹಾಗೆ ಕಾಣುವುದಿಲ್ಲ, ಹಾಗಾಗಿ ಈ ಚರ್ಚೆಯೇ ವೇಸ್ಟ್.

ಇನ್ನೊಂದು. ಆನ್‌ಲೈನ್ ಟೆಸ್ಟ್ ಅಂದರಲ್ಲ, ಬ್ರೌಸರಿನಲ್ಲಿ ನಡೆಯುವುದಾದರೆ ತೊಂದರೆ ಇಲ್ಲ. ಕೆಲವು ಪರೀಕ್ಷೆಗೆ ಕ್ಯಾಮೆರಾ ಹಿಡಿದು, ಬೇರೆ ವಿಂಡೋ ಲಾಕ್ ಮಾಡುವ ಅಪ್ಲಿಕೇಶನ್ ಹಾಕಲು ಹೇಳುತ್ತಾರೆ, ಅದು ಹೆಚ್ಚಾಗಿ ವಿಂಡೋಸ್ ಮತ್ತು ಮ್ಯಾಕಿಗೆ ಮಾತ್ರ. ಪರೀಕ್ಷೆಯ ಹಿಂದಿನ ರಾತ್ರಿ ಗೊತ್ತಾಗುವುದಕ್ಕಿಂತ ಈಗಲೇ ಕಾಲೇಜಿನಲ್ಲಿ ಕೇಳಿ.

ಬಂದರುಗಾಳಿ (ಮಲ್ಪೆ)

ಮ್ಯಾಕಿನವರು ಯಾರೂ ಬಾಯಿ ಬಿಡಲಿಲ್ಲ, ಹಾಗಾಗಿ ನಾನು. ಆಪ್ ಮಾಡುವ ಕೆಲಸ. ಐಫೋನಿಗೆ ಆಪ್ ಕಟ್ಟಬೇಕಾದರೆ ಎಕ್ಸ್‌ಕೋಡ್ ಅನ್ನುವ ಆಪಲ್‌ನ ಸಾಫ್ಟ್‌ವೇರ್ ಬೇಕು, ಎಕ್ಸ್‌ಕೋಡಿಗೆ ಮ್ಯಾಕ್ ಬೇಕು. ಅಲ್ಲಿ ಆಯ್ಕೆ ಅಂತ ಮಾತೇ ಇಲ್ಲ. ಉಡುಪಿಗೆ ಮ್ಯಾಕ್ ಹೊಸದು ಅಂತ ಕೆಲವರು ತಿಳಿದಿದ್ದಾರೆ, ರೋಬೋಸಾಫ್ಟ್ ಕಂಪನಿ 1996ರಲ್ಲಿ ಇಲ್ಲಿ ಶುರುವಾದಾಗ ಅವರ ಮೊದಲ ಕೆಲಸವೇ ಮ್ಯಾಕಿನ ಸಾಫ್ಟ್‌ವೇರು.

ಮನೆಯಲ್ಲೂ ಮ್ಯಾಕೇ, ಎಂ1 ಚಿಪ್ಪಿನ ಏರ್. 2020ರ ಕೊನೆಗೆ ಬಂದ ಮಾಡೆಲ್. ಫ್ಯಾನ್ ಇಲ್ಲ, ಬಿಸಿ ಇಲ್ಲ. ಜೂನ್ ತಿಂಗಳಲ್ಲಿ ಬೆಳಿಗ್ಗೆ ಕರೆಂಟ್ ಹೋದರೆ ಮಧ್ಯಾಹ್ನದ ಊಟದವರೆಗೂ ಚಾರ್ಜರ್ ನೆನಪಾಗುವುದಿಲ್ಲ. ಕರಾವಳಿಯಲ್ಲಿ ಮಳೆಗಾಲದಲ್ಲಿ ಮನೆಯಿಂದ ಕೆಲಸ ಮಾಡುವವರಿಗೆ ಇದಕ್ಕಿಂತ ದೊಡ್ಡ ಕಾರಣ ನನಗೆ ಬೇರೆ ಬೇಕಾಗಿಲ್ಲ. ಮುಚ್ಚಳ ತೆರೆದರೆ ಎಲ್ಲಿ ಬಿಟ್ಟಿದ್ದೆನೋ ಅಲ್ಲೇ ನಿಂತಿರುತ್ತದೆ. ನನ್ನ ಹಳೇ ಲ್ಯಾಪ್‌ಟಾಪ್ ಬ್ಯಾಗಿನ ಒಳಗೆ ತಾನಾಗಿ ಎದ್ದು ಬೇಯುತ್ತಿತ್ತು.

ಆದರೆ ಇವರಿಗೆ ಹೇಳುವುದಿಲ್ಲ. ಟ್ಯಾಲಿ ಇಲ್ಲ. ವಿಂಡೋಸಿನ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಇರುವ ಡಿಸ್ಕ್ ಚುಚ್ಚಿದರೆ ಓದುತ್ತದೆ, ಬರೆಯಲು ಬಿಡುವುದಿಲ್ಲ, ಎಲ್ಲ ಎರಡೂ ಕಡೆ ನಡೆಯುವ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ ಇಟ್ಟುಕೊಳ್ಳಬೇಕು. ರ‍್ಯಾಮ್, ಡಿಸ್ಕ್ ಎರಡೂ ಆಮೇಲೆ ಜಾಸ್ತಿ ಮಾಡುವ ಹಾಗಿಲ್ಲ, ಕೊಳ್ಳುವಾಗ ತೆಗೆದುಕೊಂಡದ್ದೇ ಕೊನೆ. ಯಾರಾದರೂ ಸೆಕೆಂಡ್‌ಹ್ಯಾಂಡ್ ಮ್ಯಾಕ್ ಕಡಿಮೆಗೆ ಉಂಟು ಅಂತ ತೋರಿಸಿದರೆ ಒಳಗೆ ಇಂಟೆಲ್ ಚಿಪ್ ಇದೆಯಾ ನೋಡಿ. ಟಾಹೋ ಅನ್ನುವ ಈಗಿನ ಆವೃತ್ತಿಯೇ ಇಂಟೆಲ್ ಮ್ಯಾಕುಗಳಿಗೆ ಕೊನೆಯದ್ದು ಅಂತ ಆಪಲ್ ಹೇಳಿಯಾಗಿದೆ. ಅಂದರೆ ವಿಂಡೋಸ್ 10ರ ತಲೆಬಿಸಿ ಬಿಟ್ಟು ಅದೇ ತಲೆಬಿಸಿಯನ್ನು ಮತ್ತೊಮ್ಮೆ ದುಡ್ಡು ಕೊಟ್ಟು ಕೊಂಡ ಹಾಗಾಯಿತು.

ಓಎಸ್ ಯಾವುದೇ ಇರಲಿ, ಸಿಡಿಲಿನ ದಿನ ಪ್ಲಗ್ ತೆಗೆಯಿರಿ. ಮೇ ತಿಂಗಳ ಗುಡುಗಿಗೆ ನಮ್ಮ ಓಣಿಯಲ್ಲಿ ರೂಟರ್ ಸುಟ್ಟ ಮನೆಗಳು ಎಷ್ಟೋ.

ಕಲ್ಸಂಕದವ (ಉಡುಪಿ)

ಇಷ್ಟು ಉತ್ತರ ಬರುತ್ತದೆ ಅಂತ ಎಣಿಸಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಟೀಚರ್ ಹೇಳಿದ್ದು ಕೇಳಿ ಭಾವನಿಗೆ ಫೋನ್ ಮಾಡಿದೆ, ಒಂಬತ್ತರ ನಂತರ ಎತ್ತುತ್ತೇನೆ ಅಂತ ಮಾತು ಕೊಟ್ಟಿದ್ದಾನೆ, ಅಕ್ಕನೂ ಪಕ್ಕದಲ್ಲೇ ಇದ್ದಳು, ಸಾಕ್ಷಿ ಉಂಟು. ಮಗಳ ಕಾಲೇಜಿನಲ್ಲಿ ಕೇಳಿದೆವು, ಟೆಸ್ಟ್ ಎಲ್ಲ ಬ್ರೌಸರಿನಲ್ಲೇ. ಮಿಂಟ್ ಪೆನ್‌ಡ್ರೈವಿನಲ್ಲಿ ಹಾಕಿ ನೋಡಿದೆ, ವೈಫೈ, ಸೌಂಡ್, ಕ್ಯಾಮೆರಾ ಸರಿ ಉಂಟು. ಪ್ರಿಂಟರ್ ಎಚ್‌ಪಿ, ಹಚ್ಚಿದ ಕೂಡಲೇ ಹೆಸರು ತೋರಿಸಿತು. ಕಗಪ ಲೇಔಟಿನಲ್ಲಿ "ಶ್ರೀ ಕ್ಷೇತ್ರ" ಅಂತ ಹೊಡೆದು ನೋಡಿದೆ, ಕೈ ತಾನಾಗಿ ಹೋಯಿತು.

ಹಾಗಾಗಿ ಹೀಗೆ ಅಂದುಕೊಂಡಿದ್ದೇನೆ. ಎಸ್‌ಎಸ್‌ಡಿ, ಅದರಲ್ಲಿ ಟ್ಯಾಲಿಗೆ ಅಂತ ವಿಂಡೋಸ್ 10, ಇಎಸ್‌ಯು ಸೇರಿಸಿ. ಇನ್ನೊಂದು ಭಾಗದಲ್ಲಿ ಮಿಂಟ್, ಆನ್ ಮಾಡಿದರೆ ಮೊದಲು ಅದೇ ಬರುವ ಹಾಗೆ. 2026ರ ಅಕ್ಟೋಬರ್ ಹೊತ್ತಿಗೆ ಟ್ಯಾಲಿಗೆ ಒಂದು ಹೊಸ ಮೆಷೀನು ಬೇಕಾದೀತು, ಅದಕ್ಕೆ ಕೇಟರಿಂಗಿನವರ ಹತ್ತಿರ ಫೀಸು ಜಾಸ್ತಿ ಕೇಳಬೇಕು. ಎರಡು ಪ್ರಶ್ನೆ ಉಳಿದಿದೆ. ಡ್ಯುಯಲ್ ಬೂಟಿನಲ್ಲಿ ಮೊದಲು ಹಾಕಬೇಕಾದದ್ದು ಯಾವುದು? ಮತ್ತೆ ಬಿಚ್ಚಿದ ಹಳೇ ಹಾರ್ಡ್‌ಡಿಸ್ಕ್ ಎಂತ ಮಾಡುವುದು?

ಹಸಿರೆಲೆ (ಸುರತ್ಕಲ್)

ಮೊದಲು ವಿಂಡೋಸ್, ಆಮೇಲೆ ಮಿಂಟ್. ತಿರುಗಾ ಮುರುಗಾ ಮಾಡಿದರೆ ವಿಂಡೋಸ್ ಬೂಟ್ ಮೆನುವನ್ನು ತನ್ನದು ಮಾಡಿಕೊಳ್ಳುತ್ತದೆ, ಮಿಂಟ್ ಕಾಣುವುದೇ ಇಲ್ಲ. 500 ಜಿಬಿ ಎಸ್‌ಎಸ್‌ಡಿ ತೆಗೆದುಕೊಂಡರೆ ಅರ್ಧ ಅರ್ಧ ಮಾಡಿದರೂ ಇಬ್ಬರಿಗೂ ಧಾರಾಳ.

ವಿಂಡೋಸ್ ಹಾಕಿದ ಮೇಲೆ ಪವರ್ ಆಪ್ಷನ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಅಂದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಆ ಭಾಗವನ್ನು ಮಿಂಟಿನಿಂದ ತೆರೆದರೆ ಓದಲು ಮಾತ್ರ ಆಗುತ್ತದೆ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ರಿಕವರಿ ಕೀ ಒಂದು ಕಾಗದದಲ್ಲಿ ಬರೆದಿಡಿ. ಮತ್ತೆ ಮಿಂಟಿನಿಂದ ವಿಂಡೋಸಿಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತದೆ, ಹೆದರಬೇಡಿ. ಲಿನಕ್ಸ್ ಮೆಷೀನಿನ ಗಡಿಯಾರವನ್ನು ಗ್ರೀನಿಚ್ ಲೆಕ್ಕದಲ್ಲಿ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮೂರ ಸಮಯ ಅಂತ ಓದುತ್ತದೆ. ಮಿಂಟಿನಲ್ಲಿ ಒಂದು ಸಾಲಿನ ಕಮಾಂಡಿನಿಂದ ಸರಿಯಾಗುತ್ತದೆ, ಭಾವನಿಗೆ ಹೇಳಿ, ಗೊತ್ತಿರುತ್ತದೆ.

ಲೆಕ್ಕದಪುಸ್ತಕ (ಹಂಪನಕಟ್ಟೆ)

ಗಡಿಯಾರ ಸರಿಮಾಡದೆ ಟೋಕನ್ ಹಾಕಿ ಸಹಿ ಮಾಡಲು ಹೋಗಬೇಡಿ. ಫೀಸು ಜಾಸ್ತಿ ಕೇಳುವುದಾದರೆ ಮಾರ್ಚ್ ಮುಗಿಯುವ ಮೊದಲೇ ಕೇಳಿ, ಆಡಿಟ್ ಮುಗಿದ ಮೇಲೆ ಯಾರೂ ಕೊಡುವುದಿಲ್ಲ.

ಮೊಳೆಜೋಡಣೆ (ಕಾರ್ಕಳ)

ಹಳೇ ಡಿಸ್ಕ್ ಎಸೆಯಬೇಡಿ. ಎರಡೂವರೆ ಇಂಚಿನ ಯುಎಸ್‌ಬಿ ಕೇಸ್ ಅಂತ ಕೇಳಿದರೆ ಕಂಪ್ಯೂಟರ್ ಅಂಗಡಿಯಲ್ಲಿ ಸಿಗುತ್ತದೆ, ಅದರೊಳಗೆ ಹಾಕಿದರೆ ಹೊರಗಿನ ಡಿಸ್ಕ್ ಆಯಿತು. ಹೊಸದರಲ್ಲಿ ಟ್ಯಾಲಿ ತೆರೆದು, ಮೂವರ ಲೆಕ್ಕವೂ ಸರಿ ಬಂದಿದೆ ಅಂತ ನೋಡುವವರೆಗೆ ಅದನ್ನು ಫಾರ್ಮ್ಯಾಟ್ ಮಾಡಬೇಡಿ, ಹಾಗೇ ಇಡಿ. ಆಮೇಲೆ ಬ್ಯಾಕಪ್‌ಗೆ ಬಳಸಿ, ಆದರೆ ಇರುವ ಒಂದೇ ಕಾಪಿ ಅದರಲ್ಲಿ ಇಡಬೇಡಿ, ಅದಕ್ಕೂ ವಯಸ್ಸಾಗಿದೆ. ಮಳೆಗಾಲದಲ್ಲಿ ಡಬ್ಬಿಯಲ್ಲಿ ಹಾಕಿ ಇಡಿ, ಜೊತೆಗೆ ಔಷಧಿ ಬಾಟ್ಲಿಯಲ್ಲಿ ಬರುವ ಸಿಲಿಕಾ ಪೊಟ್ಟಣ ಎರಡು.